ಬ್ಯಾಕಪ್ ಇತ್ತು, ಬಡ್ಡಿ ಲೆಕ್ಕ ಇರಲಿಲ್ಲ

ಇವತ್ತಿನ ಸಂಚಿಕೆಯಲ್ಲಿ ರಾಜರೂ ಇಲ್ಲ, ಯುದ್ಧವೂ ಇಲ್ಲ. ಒಂದು ಬ್ಯಾಕಪ್ ಟೂಲ್‌ನ ಡಿಫಾಲ್ಟ್ ಸೆಟ್ಟಿಂಗ್‌ಗಳ ಇತಿಹಾಸ ಹೇಳ್ತೀನಿ. ಡಿಫಾಲ್ಟ್ ಅಂದ್ರೆ, ನಾವೇನೂ ಹೇಳದೆ ಬಿಟ್ಟಾಗ ಟೂಲ್ ತಾನಾಗೇ ಮಾಡೋದು.

ನಾನು ಭದ್ರಾವತಿಯವನು. ಶಿವಮೊಗ್ಗದಲ್ಲಿ ಸಾಲ ಕೊಡೋ ಒಂದು ಸಣ್ಣ ಸಂಸ್ಥೆಯ ಕಂಪ್ಯೂಟರ್ ನೋಡ್ಕೊಳ್ತಿದ್ದೆ. ಅಲ್ಲಿದ್ದದ್ದು ಮೈಎಸ್‌ಕ್ಯೂಎಲ್ ಡೇಟಾಬೇಸ್. ಪ್ರತಿ ರಾತ್ರಿ ಮೈಎಸ್‌ಕ್ಯೂಎಲ್‌ಡಂಪ್ ಅನ್ನೋ ಟೂಲ್ ಅದರ ಕಾಪಿ ತೆಗೀತಿತ್ತು. ಆ ಕಾಪಿ ಸುಮಾರು 20 ಕಿಲೋಮೀಟರ್ ದೂರದ ಭದ್ರಾವತಿಗೆ ಹೋಗ್ತಿತ್ತು. ತುಂಗೆ ಉಕ್ಕಿ ಇಲ್ಲಿ ನೀರು ನುಗ್ಗಿದ್ರೂ ಭದ್ರೆಯ ದಡದಲ್ಲಿ ಒಂದು ಕಾಪಿ ಇರಲಿ ಅಂತ.

ಒಂದು ತಿಂಗಳ ಕೊನೆಗೆ ಡಿಸ್ಕ್ ಕೆಟ್ಟಿತು. ಕಾಪಿ ತಂದು ರಿಸ್ಟೋರ್ ಮಾಡಿದೆ. ಸಾಲಗಾರರ ಹೆಸರು, ಕಂತು, ಬಾಕಿ ಎಲ್ಲಾ ಬಂತು. ಬಡ್ಡಿ ಲೆಕ್ಕ ಹಾಕೋ ಸ್ಟೋರ್ಡ್ ಪ್ರೊಸೀಜರ್‌ಗಳು, ಅಂದ್ರೆ ಡೇಟಾಬೇಸ್ ಒಳಗೇ ಬರೆದಿಟ್ಟ ಪ್ರೋಗ್ರಾಂಗಳು, ಒಂದೂ ಇರಲಿಲ್ಲ. ಇಷ್ಟು ದಿನ ಒಂದು ಎರರ್ ಮೆಸೇಜೂ ಬಂದಿರಲಿಲ್ಲ!

ಯಾಕೆ ಹೀಗಾಯ್ತು ಅಂತ ಹುಡುಕಿದಾಗ ಸಿಕ್ಕಿದ್ದೇ ಈ ಇತಿಹಾಸ.

ಮೊದಮೊದಲು ಈ ಟೂಲ್ ಇಡೀ ಟೇಬಲನ್ನು ಮೆಮೊರಿಗೆ ತುಂಬಿಕೊಂಡು ಆಮೇಲೆ ಬರೀತಿತ್ತು. ಟೇಬಲ್ ದೊಡ್ಡದಾದ್ರೆ ಕಷ್ಟ. ಅದನ್ನು ತಪ್ಪಿಸೋಕೆ ‘ಆಪ್ಟ್’ ಅನ್ನೋ ಆಯ್ಕೆ ಇತ್ತು, ಆದ್ರೆ ನಾವೇ ಕೇಳಬೇಕಿತ್ತು. 2004ರಲ್ಲಿ ಪಕ್ಕಾ ಆವೃತ್ತಿಯಾಗಿ ಬಂದ ಮೈಎಸ್‌ಕ್ಯೂಎಲ್ 4.1ರಲ್ಲಿ ಅದು ಕೇಳದೆಯೇ ಸಿಗೋ ಹಾಗಾಯ್ತು. ಒಳ್ಳೇ ಬದಲಾವಣೆ.

ಮರುವರ್ಷ ಬಂದ 5.0ರಲ್ಲಿ ಟ್ರಿಗರ್, ಸ್ಟೋರ್ಡ್ ಪ್ರೊಸೀಜರ್ ಎರಡೂ ಸೇರಿದವು. ಟ್ರಿಗರ್‌ಗಳು ಬ್ಯಾಕಪ್‌ಗೆ ತಾವಾಗೇ ಬರ್ತವೆ. ಪ್ರೊಸೀಜರ್‌ಗಳು ‘ರೂಟೀನ್ಸ್’ ಅಂತ ಬರೆದ್ರೆ ಮಾತ್ರ. 8.0ರಲ್ಲೂ ಹಾಗೇ. ನಾವು ಆ ಒಂದು ಪದ ಬರೆದಿರಲಿಲ್ಲ.

ಹಾಗಂತ ಡಿಫಾಲ್ಟ್ ಬದಲಾದ್ರೆ ಎಲ್ಲಾ ಸರಿಹೋಗುತ್ತೆ ಅಂತಲ್ಲ. 2024ರ ಮೇನಲ್ಲಿ ಇದರ ಸೋದರ ಮಾರಿಯಾಡಿಬಿ, ಸುರಕ್ಷತೆಗೆ ಅಂತ, ಪ್ರತಿ ಡಂಪ್ ಫೈಲಿನ ತಲೆಯಲ್ಲಿ ಹೊಸದೊಂದು ಸಾಲು ಸೇರಿಸಿತು. ಉದ್ದೇಶ ಸರಿಯಾದದ್ದೇ. ಆದ್ರೆ ಹಳೇ ಕ್ಲೈಂಟ್‌ಗಳು ಮೊದಲ ಸಾಲಿಗೇ ಎರರ್ ಕೊಟ್ಟು ನಿಂತವು.

ನಮ್ಮ ಕಥೆ ಏನಾಯ್ತು? ಹಳೇ ಸಹೋದ್ಯೋಗಿಯೊಬ್ಬರ ಲ್ಯಾಪ್‌ಟಾಪ್‌ನಲ್ಲಿ 2 ವರ್ಷ ಹಿಂದಿನ ಪ್ರೊಸೀಜರ್‌ಗಳು ಸಿಕ್ಕವು. ಆಮೇಲಿನ ಬದಲಾವಣೆಗಳನ್ನು ರಸೀದಿ ಮುಂದಿಟ್ಟುಕೊಂಡು ಮತ್ತೆ ಬರೆದ್ವಿ. ತಪ್ಪಿದ್ರೆ ಯಾರದ್ದೋ ಮನೆಯ ಬಡ್ಡಿ ಹೆಚ್ಚಾಗ್ತಿತ್ತು, ಅದೇ ಭಯ.

ಈಗ ಕಾನ್ಫಿಗ್ ಫೈಲಿನಲ್ಲಿ ‘ರೂಟೀನ್ಸ್’ ಅಂತ ನಾವೇ ಬರೆದಿಟ್ಟಿದ್ದೀವಿ. ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರ್‌ನಲ್ಲಿ ರಿಸ್ಟೋರ್ ಮಾಡಿ, ಒಂದು ಸಾಲದ ಬಡ್ಡಿ ಲೆಕ್ಕ ಹಾಕಿ ನೋಡ್ತೀವಿ. ಡಿಫಾಲ್ಟ್ ಅನ್ನೋದು ಯಾರೋ, ಯಾವತ್ತೋ ತಗೊಂಡ ತೀರ್ಮಾನ. ಅವರಿಗೆ ನಮ್ಮ ಆಫೀಸಿನ ಲೆಕ್ಕ ಗೊತ್ತಿರಲಿಲ್ಲ.

ನಿಮ್ಮ ಬ್ಯಾಕಪ್ ಕೊನೇ ಸಲ ರಿಸ್ಟೋರ್ ಮಾಡಿ ನೋಡಿದ್ದು ಯಾವಾಗ? ಈ ವಾರ ಒಮ್ಮೆ ನೋಡಿ. ಮತ್ತೆ ಸಿಗೋಣ.