ಹಳೆಯ ಕಲ್ಲು ಹೊಸ ಕಲ್ಲಿನ ಮೇಲೇರಿದ ಕಥೆ

ಬ್ರಿಟನ್ನಿನಲ್ಲಿ ಭೂವಿಜ್ಞಾನ ಓದುವ ಹುಡುಗ ಹುಡುಗಿಯರು ಬೇಸಿಗೆಯಲ್ಲಿ ಬೆಟ್ಟಕ್ಕೆ ಹೋಗಿ ಕಲ್ಲಿನ ನಕ್ಷೆ ಬರೆಯುವುದು ಹಳೆಯ ಪದ್ಧತಿ. ಅವರಲ್ಲಿ ಅನೇಕರು ಸ್ಕಾಟ್ಲೆಂಡಿನ ವಾಯವ್ಯ ಮೂಲೆಯ ಅಸಿಂಟ್‌ಗೆ ಹೋಗುತ್ತಾರೆ. ಕೈಯಲ್ಲಿ ಸುತ್ತಿಗೆ, ದಿಕ್ಸೂಚಿ, ಭೂತಗನ್ನಡಿ, ಬಣ್ಣದ ಪೆನ್ಸಿಲ್ಲು. ಮೇಲೆ ಮಳೆ; ಮಳೆ ನಿಂತರೆ ಮುಖಕ್ಕೆ ಮುತ್ತುವ ನುಸಿ. ಅಲ್ಲಿಗೇ ಏಕೆ ಎಂದರೆ, ಅದಕ್ಕೊಂದು ಜಗಳದ ಹಿನ್ನೆಲೆಯಿದೆ.

ಆ ಗುಡ್ಡಗಳಲ್ಲಿ ಸುಣ್ಣಕಲ್ಲಿನ ಮೇಲೆ ಶಿಸ್ಟ್ ಎಂಬ ಬೂದು ಪದರಗಲ್ಲು ಕೂತಿದೆ. ಕೆಳಗಿನದು ಹಳೆಯದು, ಮೇಲಿನದು ಹೊಸದು ಎಂಬುದು ಭೂವಿಜ್ಞಾನದ ಮೊದಲ ಪಾಠ. ಆದ್ದರಿಂದ ಶಿಸ್ಟ್ ಹೊಸದು ಎಂದರು ರೋಡರಿಕ್ ಮರ್ಚಿಸನ್. 1855ರಿಂದ ಅವರು ದೇಶದ ಭೂಸರ್ವೇಕ್ಷಣೆಯ ಮುಖ್ಯಸ್ಥರು, ಅವರು ಹೇಳಿದ್ದೇ ವೇದವಾಕ್ಯ. ಅಬರ್ಡೀನಿನ ಪ್ರಾಧ್ಯಾಪಕ ಜೇಮ್ಸ್ ನಿಕಲ್ ಒಪ್ಪಲಿಲ್ಲ. ನಡುವೆ ನೆಲ ಸೀಳಿದೆ, ಮೇಲಿರುವುದೇ ಹಳೆಯ ಕಲ್ಲು ಎಂದು ವಾದಿಸಿದರು. ಕೇಳುವವರಿರಲಿಲ್ಲ. 1879ರಲ್ಲಿ ಅವರು ತೀರಿಕೊಂಡಾಗಲೂ ಗೆದ್ದ ಪಕ್ಷ ಮರ್ಚಿಸನ್ನರದೇ.

ಕೀಲಿ ಸಿಕ್ಕಿದ್ದು ಹಿಂದೆ ಶಾಲಾ ಮೇಷ್ಟ್ರಾಗಿದ್ದ ಚಾರ್ಲ್ಸ್ ಲ್ಯಾಪ್‌ವರ್ತ್ ಅವರಿಗೆ. 1882 ಮತ್ತು 1883ರ ಬೇಸಿಗೆಗಳಲ್ಲಿ ಅವರು ಅಸಿಂಟ್‌ಗೆ ಉತ್ತರದ ಎರಿಬಾಲ್ ಸೀಮೆಯನ್ನು ಅಂಗುಲ ಅಂಗುಲವಾಗಿ ನಡೆದರು. ಅಲ್ಲಿ ಪ್ರಾಚೀನ ಹುಳುಗಳು ಕೊರೆದ ನೆಟ್ಟನೆಯ ಬಿಲಗಳಿರುವ ಬಿಳಿ ಕಲ್ಲೊಂದಿದೆ. ಅದರ ಮೇಲೆ ಕಂದು ಪದರ, ಅದರ ಮೇಲೆ ಗರಸು ಕಲ್ಲು, ಆಮೇಲೆ ಸುಣ್ಣಕಲ್ಲು. ಗುಡ್ಡ ಹತ್ತುತ್ತ ಹೋದರೆ ಹುಳುಬಿಲದ ಕಲ್ಲು ಮತ್ತೆ ಎದುರಾಗುತ್ತದೆ, ಅದೇ ಸಾಲು ಮತ್ತೆ ಶುರು! ಮಾಡಿನ ಹೆಂಚಿನಂತೆ ಒಂದೇ ಪದರ ತುಂಡು ತುಂಡಾಗಿ ಒಂದರ ಮೇಲೊಂದು ಏರಿದೆ. ಪೂರ್ವದಿಂದ ಯಾವುದೋ ಭಾರೀ ಒತ್ತಡ ತಳ್ಳದೆ ಹೀಗಾಗದು. ಈ ಕೆಲಸದಲ್ಲಿ ಲ್ಯಾಪ್‌ವರ್ತ್ ಕಾಯಿಲೆ ಬಿದ್ದರು. ರಾತ್ರಿ ಆ ಬಂಡೆಯ ಹಾಸು ತಮ್ಮ ಮೈಮೇಲೆಯೇ ಸರಿಯುತ್ತಿದೆ ಎಂದು ಕನವರಿಸುತ್ತಿದ್ದರಂತೆ.

ಮರ್ಚಿಸನ್ನರ ಶಿಷ್ಯ ಆರ್ಚಿಬಾಲ್ಡ್ ಗೀಕಿ ಆಗ ಸರ್ವೇಕ್ಷಣೆಯ ಮುಖ್ಯಸ್ಥರು. ತಮ್ಮವರೇ ಆದ ಬೆನ್ ಪೀಚ್, ಜಾನ್ ಹಾರ್ನ್ ಅವರನ್ನು ಕಳಿಸಿದರು. ಅವರಿಗೂ ಕಂಡದ್ದು ಅದೇ ಮಗುಚಿದ ಲೆಕ್ಕ. 1884ರಲ್ಲಿ ಗೀಕಿ ಸ್ವತಃ ಹೋಗಿ ನೋಡಿ, ಗುರುವಿನ ಮತವನ್ನು ಕೈಬಿಟ್ಟು, ಅದನ್ನು 'ನೇಚರ್' ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಅಧಿಕಾರದಲ್ಲಿದ್ದವರು ಹೀಗೆ ಮಾಡುವುದು ಅಪರೂಪ. ಪೀಚ್ ಮತ್ತು ಹಾರ್ನ್ ತಂಡದ ಬೃಹತ್ ಗ್ರಂಥ ಬಂದದ್ದು 1907ರಲ್ಲಿ.

ಇಂದು ನಾಕನ್ ಬಂಡೆಯ ಬಳಿ ನಿಂತ ವಿದ್ಯಾರ್ಥಿ ಒಂದೇ ಅಂಗೈಯಲ್ಲಿ ಎರಡನ್ನೂ ಮುಟ್ಟಬಹುದು: ಕೆಳಗೆ ಸುಮಾರು 50 ಕೋಟಿ ವರ್ಷದ ಸುಣ್ಣಕಲ್ಲು, ಮೇಲೆ ಅದರ ಇಮ್ಮಡಿ ವಯಸ್ಸಿನ ಶಿಸ್ಟ್. ನಕ್ಷೆ ಬರೆಯುವಾಗ ಅವರಿಗೊಂದು ಕಟ್ಟಳೆಯಿದೆ. ಕಣ್ಣಾರೆ ಕಂಡ ಗಡಿಗೆ ಗಟ್ಟಿ ಗೆರೆ, ಊಹಿಸಿದ್ದಕ್ಕೆ ತುಂಡು ಗೆರೆ. ವರದಿ ಬರೆಯುವ ನಮಗೂ ಇಂಥ ಎರಡು ಗೆರೆ ಇರಬೇಕಿತ್ತು ಎಂದು ನಾವು ಮಾತಾಡಿಕೊಂಡೆವು.

ಅಸಿಂಟ್ ಸರೋವರದ ಪಕ್ಕದ ದಿಬ್ಬದ ಮೇಲೆ ಪೀಚ್ ಮತ್ತು ಹಾರ್ನ್ ನೆನಪಿಗೆ ಕಲ್ಲಿನ ಸ್ಮಾರಕವಿದೆ. ಅದರಲ್ಲಿ ನಿಕಲ್ ಹೆಸರಿಲ್ಲ.