ಧಾತುವಿನ ನಂಟು, ದತ್ತಕದ ಜಗಳ

ಇಂಗ್ಲಿಷ್ ಶಬ್ದಗಳನ್ನು ಉರು ಹೊಡೆಯುವುದೆಂದರೆ ಮಲಪ್ರಭೆಯ ಉಸುಕನ್ನು ಎಣಿಸಿದಂತೆಯೇ ಸರಿ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಕಡೆಯ ಅನೇಕ ವಿದ್ಯಾರ್ಥಿಗಳಿಗೆ ಮನೆಯಲ್ಲಾಗಲಿ ಓಣಿಯಲ್ಲಾಗಲಿ ಆ ಭಾಷೆ ಕಿವಿಗೆ ಬೀಳುವುದೇ ಅಪರೂಪ. ಆದರೆ ಕೀಲಿಕೈ ಅವರ ಉಡಿಯಲ್ಲಿಯೇ ಇದೆ. ಧಾತುವನ್ನು ಹಿಡಿದು ಶಬ್ದವನ್ನು ಬಿಡಿಸುವ ಪದ್ಧತಿ ನಮಗೆ ಹೊಸತಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ಕನ್ನಡ ಧಾತುಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ.

ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳು ಒಂದೇ ಮೂಲದಿಂದ ಹುಟ್ಟಿರಬೇಕೆಂದು ಸರ್ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಸಾರಿದನು. ಕನ್ನಡ ಬೇರೆ ಕುಲದ ಭಾಷೆ, ನಿಜ. ಆದರೂ ತತ್ಸಮ ಶಬ್ದಗಳ ಮೂಲಕ ಆ ನಂಟು ನಮ್ಮ ಹೊಸ್ತಿಲಿಗೂ ಬಂದಿದೆ. ದಂತ ತಿಳಿದವನಿಗೆ ಡೆಂಟಿಸ್ಟ್, ಪಾದ ತಿಳಿದವನಿಗೆ ಪೆಡಲ್ ದೂರದವಲ್ಲ. ಲ್ಯಾಟಿನ್ ಧಾತುವೊಂದನ್ನು ಕಲಿತರೆ ಒಂದು ಕುಟುಂಬವೇ ಕೈಗೆ ಬರುತ್ತದೆ. 'ಲೆಗೆರೆ' ಎಂದರೆ ಆಯುವುದು, ಓದುವುದು. ಕಂದಾಯ ಕೂಡಿಸುವ ಕಲೆಕ್ಟರ್, ಪ್ರತಿನಿಧಿಯನ್ನು ಆಯುವ ಎಲೆಕ್ಷನ್, ಪಾಠ ಹೇಳುವ ಲೆಕ್ಚರರ್ ಮೂರೂ ಒಂದೇ ಮನೆಯ ಮಕ್ಕಳು!

ಆದರೆ ಶಬ್ದಗಳ ಬಳಗವೇ ಮನುಷ್ಯರ ಬಳಗವಲ್ಲ. ಇದಕ್ಕೆ ಕಿತ್ತೂರಿನ ಇತಿಹಾಸವೇ ಸಾಕ್ಷಿ. 'ದತ್ತಕ'ದ ಮೂಲ 'ದಾ', ಕೊಡು. ಲ್ಯಾಟಿನ್ನಿನ 'ದಾರೆ' ಇದರ ಸೋದರ. ಅದರಿಂದಲೇ ಇಂಗ್ಲಿಷಿನ ಡೇಟಾ. ಇಂದು ನಾವು ಅದನ್ನು ದತ್ತಾಂಶವೆನ್ನುವುದು ಎಷ್ಟು ಸಹಜ! ಇಂಗ್ಲಿಷಿನ ಅಡಾಪ್ಷನ್ ಮಾತ್ರ ಆರಿಸಿಕೊಳ್ಳುವುದೆಂಬ ಅರ್ಥದ ಬೇರೊಂದು ಧಾತುವಿನದು. ನಮ್ಮ ಶಬ್ದ ಕೊಡುವವರನ್ನು ನೆನೆಯುತ್ತದೆ, ಅವರದು ಆರಿಸಿಕೊಳ್ಳುವವರನ್ನು. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರ ದೇಸಾಯಿ ಶಿವಲಿಂಗರುದ್ರ ಸರ್ಜನು ತೀರಿಕೊಂಡಾಗ ಕೊಟ್ಟವರ ಮಾತೂ ನಡೆಯಲಿಲ್ಲ, ಆರಿಸಿಕೊಂಡವರ ಮಾತೂ ನಡೆಯಲಿಲ್ಲ. ಕಂಪನಿ ಸರಕಾರವು ಆ ದತ್ತಕವನ್ನು ಮನ್ನಿಸಲಿಲ್ಲ. ಅಕ್ಟೋಬರ್ 23ರ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಮಡಿದನು. ಡಿಸೆಂಬರಿನಲ್ಲಿ ಕೋಟೆ ಬಿದ್ದಿತು.

ಇನ್ನೊಂದು ಸೋಜಿಗವನ್ನು ನೋಡಿರಿ. ನಮ್ಮ 'ರಾಣಿ'ಯು ಸಂಸ್ಕೃತದ 'ರಾಜ್ಞೀ'ಯಿಂದ ಬಂದದ್ದು. ಲ್ಯಾಟಿನ್ನಿನ 'ರೆಜೀನಾ' ಅದರ ಬಂಧು. ನೇರವಾಗಿ ನಡೆಸು ಎಂಬ ಅರ್ಥದ ಅದೇ ಮೂಲದಿಂದ ನಮ್ಮ 'ಋಜು'ವೂ ಇಂಗ್ಲಿಷಿನ ರೆಜಿಮೆಂಟೂ ಹುಟ್ಟಿದವು. ರಾಣಿಯ ಮೇಲೆ ಏರಿಬಂದ ರೆಜಿಮೆಂಟಿಗೂ ರಾಣಿ ಎಂಬ ಹೆಸರಿಗೂ ಬೇರು ಒಂದೇ! ಆ ನಂಟು ಚೆನ್ನಮ್ಮನನ್ನು ಕಾಯಲಿಲ್ಲ. ಬೈಲಹೊಂಗಲದ ಸೆರೆಯಲ್ಲಿಯೇ 1829ರಲ್ಲಿ ಆಕೆ ಕಣ್ಣುಮುಚ್ಚಿದಳು. ಸಮಾಧಿಯೂ ಅಲ್ಲಿಯೇ ಇದೆ.

ಆದ್ದರಿಂದ ನಮ್ಮ ಹುಡುಗರು ಇಂಗ್ಲಿಷನ್ನು ಧಾತು ಹಿಡಿದೇ ಕಲಿಯಲಿ. ಶ್ರಮ ಅರ್ಧವಾದೀತು, ಅಂಜಿಕೆಯೂ ಹೋದೀತು. ಶಬ್ದದ ಅರ್ಥವನ್ನು ಬೇರಿನಲ್ಲಿ ಹುಡುಕಲಿ. ಆದರೆ ಅದರ ನಡತೆಯನ್ನು ಮಾತ್ರ ಆಡಿದವರ ಇತಿಹಾಸದಲ್ಲಿಯೇ ಹುಡುಕಬೇಕು.