ಗುಡ್ಡಗಾಡಿನ ಗುರಿಕಾರರು: ಪಠಾಣ ಹೋರಾಟಗಾರರ ಕೌಶಲವನ್ನು ಅಳೆದವರ ಚರಿತ್ರೆ

ಬಂಡಾಯಗಾರರ ಯುದ್ಧಕೌಶಲದ ಬಗ್ಗೆ ಉಳಿದಿರುವ ಬರಹಗಳಲ್ಲಿ ಹೆಚ್ಚಿನವು ಅವರ ಎದುರಾಳಿಗಳು ಬರೆದವು. ಅಫ್ಘಾನಿಸ್ತಾನ ಮತ್ತು ಅದರ ಪೂರ್ವದಂಚಿನ ಪಠಾಣ ಗುಡ್ಡಗಾಡಿನಲ್ಲಿ ಇಂಥ ಬರಹಗಳು ಒಂದೂವರೆ ಶತಮಾನಕ್ಕೂ ಮಿಕ್ಕಿ ಸಾಲಾಗಿ ದೊರೆಯುತ್ತವೆ. ಬ್ರಿಟಿಷರು, ಸೋವಿಯತ್ತರು, ಅಮೆರಿಕನ್ನರು ಒಬ್ಬರ ನಂತರ ಒಬ್ಬರು ಅಲ್ಲಿ ಕಾದಿದರು, ಎದುರಿನವನ ಗುರಿ ಎಂಥದ್ದೆಂದು ಬರೆದಿಟ್ಟರು. 1897ರಲ್ಲಿ ಮೆಚ್ಚುಗೆಯನ್ನೂ ಭಯವನ್ನೂ ಹುಟ್ಟಿಸಿದ ಪಠಾಣರ ಗುರಿ 2010ರ ವರದಿಗಳಲ್ಲಿ ತೀರ ಕಳಪೆಯೆಂದು ದಾಖಲಾಯಿತು. ಈ ಅಂತರಕ್ಕೆ ಕಾರಣವನ್ನು ರಕ್ತದಲ್ಲಿ ಹುಡುಕುವುದಕ್ಕಿಂತ ಬಂದೂಕು, ತೋಟಾ ಮತ್ತು ಕಲಿಕೆಯಲ್ಲಿ ಹುಡುಕುವುದೇ ಸರಿ.

ಬ್ರಿಟಿಷರಿಗೆ ಮೊದಲ ಪಾಠವಾದದ್ದು 1841ರ ನವೆಂಬರ್ 23ರಂದು, ಕಾಬೂಲಿನ ದಂಡುಪ್ರದೇಶದ ಪಕ್ಕದ ಬೇಮಾರೂ ದಿಣ್ಣೆಯ ಮೇಲೆ. ಬ್ರಿಗೇಡಿಯರ್ ಶೆಲ್ಟನ್ ಒಂದೇ ಒಂದು ಫಿರಂಗಿಯೊಂದಿಗೆ ದಿಣ್ಣೆ ಹತ್ತಿ, ಕಾಲಾಳುಗಳನ್ನು ಎರಡು ಚೌಕಗಳಾಗಿ ನಿಲ್ಲಿಸಿದ. ನುಗ್ಗಿಬರುವ ಕುದುರೆ ಪಡೆಯನ್ನು ತಡೆಯುವುದಕ್ಕೆ ಚೌಕದ ವ್ಯೂಹ ಒಳ್ಳೆಯದು. ದೂರದಿಂದ ಗುರಿಯಿಟ್ಟು ಹೊಡೆಯುವವರ ಮುಂದೆ ಅದು ಒತ್ತೊತ್ತಾಗಿ ನಿಂತ ಗುರಿಹಲಗೆ. ಸಿಪಾಯಿಗಳ ಕೈಯಲ್ಲಿದ್ದ ಬ್ರೌನ್ ಬೆಸ್ ಮಸ್ಕೆಟ್ಟನ್ನು ನೂರು ಗಜದಾಚೆಗೆ ನಂಬುವಂತಿರಲಿಲ್ಲ. ಅಫ್ಘನ್ನರ ಜೆಜೈಲು ಬಂದೂಕಿನ ಉದ್ದ ನಳಿಕೆ ಅದಕ್ಕಿಂತ ಬಹುದೂರಕ್ಕೆ ಗುಂಡನ್ನು ಮುಟ್ಟಿಸುತ್ತಿತ್ತು. ಎಡೆಬಿಡದೆ ಹಾರಿಸಿ ಫಿರಂಗಿ ಕಾದುಹೋಯಿತು. ಕೊನೆಗೆ ಪಡೆ ಚದುರಿ ದಂಡುಪ್ರದೇಶಕ್ಕೆ ಓಡಿಬಂತು. ಮನೆಯ ಮಾಳಿಗೆಯ ಹೊಗೆಗೂಡುಗಳ ಮರೆಯಲ್ಲಿ ನಿಂತು ಇದನ್ನೆಲ್ಲ ನೋಡಿದ ಬ್ರಿಟಿಷ್ ಸೇನಾಧಿಕಾರಿಯ ಹೆಂಡತಿ ಲೇಡಿ ಸೇಲ್ ತನ್ನ ದಿನಚರಿಯಲ್ಲಿ ಬರೆದಿಟ್ಟಳು. ಅದು 1843ರಲ್ಲಿ ಅಚ್ಚಾಯಿತು.

ಜೆಜೈಲು ಮಂದಗತಿಯ ಆಯುಧ. ಮದ್ದು ತುಂಬಿ, ಗುಂಡನ್ನು ಕೋಲಿನಿಂದ ಒತ್ತಿ ಇಳಿಸಿ, ನಳಿಕೆಯನ್ನು ಕವಲುಗೋಲಿನ ಮೇಲೋ ಬಂಡೆಯ ಮೇಲೋ ಊರಿ, ಉಸಿರು ಬಿಗಿಹಿಡಿದು ಹೊಡೆಯಬೇಕು. ಅದನ್ನು ಹಿಡಿದವನು ಬಯಲಿನಲ್ಲಿ ಸಾಲುಗಟ್ಟಿ ನಿಲ್ಲಲಾರ; ಅವನಿಗೆ ಮರೆ ಬೇಕು, ಸಮಯ ಬೇಕು. ಗುಡ್ಡಗಾಡಿನಲ್ಲಿ ಎರಡೂ ಧಾರಾಳವಾಗಿದ್ದವು. ಆದರೂ 1842ರ ಜನವರಿಯಲ್ಲಿ ಕಾಬೂಲಿನಿಂದ ಹಿಂದೆಗೆದ ಸುಮಾರು 4,500 ಸೈನಿಕರು ಮತ್ತು 12,000 ಪರಿವಾರದವರ ನಾಶವನ್ನು ಜೆಜೈಲೊಂದರ ಲೆಕ್ಕಕ್ಕೆ ಬರೆಯುವುದು ತಪ್ಪು. ಹಿಮ, ಹಸಿವು, ಗೊತ್ತುಗುರಿಯಿಲ್ಲದ ಮುಂದಾಳತ್ವ ಇವೇ ಅವರನ್ನು ಅರ್ಧ ಕೊಂದಿದ್ದವು. ಹೀಗೆ ಸೋತ ಪಡೆ ಎದುರಾಳಿಯ ಕೈಚಳಕವನ್ನು ದೊಡ್ಡದು ಮಾಡಿ ಹೇಳುವುದು ಮುಂದೆಯೂ ಮತ್ತೆ ಮತ್ತೆ ಕಾಣುತ್ತದೆ.

1849ರಲ್ಲಿ ಪಂಜಾಬು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದ ಮೇಲೆ ಗಡಿಯಲ್ಲಿ ದಂಡಯಾತ್ರೆಗಳ ಸಾಲೇ ನಡೆಯಿತು. 1863ರ ಅಂಬೇಲಾ ಕಾದಾಟದಲ್ಲಿ ಒಂದೇ ಕೋಡುಗಲ್ಲಿನ ಕಾವಲುಠಾಣೆ ಮೂರು ಬಾರಿ ಕೈಬದಲಾಯಿತು. ಆದರೆ ಪಠಾಣರ ಕೌಶಲವನ್ನು ಬ್ರಿಟಿಷರು ನಿಜಕ್ಕೂ ಕೂತು ಅಧ್ಯಯನ ಮಾಡಿದ್ದು 1897–98ರ ತೀರಾ ಸೀಮೆಯ ಯುದ್ಧದ ನಂತರ. ಅಫ್ರೀದಿ ಮತ್ತು ಒರಕ್‌ಜೈ ಬುಡಕಟ್ಟುಗಳ ವಿರುದ್ಧ ಜನರಲ್ ಲಾಕ್‌ಹಾರ್ಟ್ 30,000ಕ್ಕೂ ಹೆಚ್ಚು ಸೈನಿಕರನ್ನು ಕರೆದೊಯ್ದಿದ್ದ. ಆ ವೇಳೆಗೆ ಜೆಜೈಲಿನ ಜಾಗಕ್ಕೆ ಸ್ನೈಡರ್ ಮತ್ತು ಮಾರ್ಟಿನಿ-ಹೆನ್ರಿ ರೈಫಲುಗಳು ಬಂದಿದ್ದವು. ಅವುಗಳಲ್ಲಿ ಕೆಲವು ಕದ್ದವು, ಕೆಲವು ಕೊಂಡವು, ಇನ್ನು ಕೆಲವು ಅದೇ ಆಗಸ್ಟಿನಲ್ಲಿ ಬಿದ್ದ ಖೈಬರ್ ಠಾಣೆಗಳಿಂದ ಸಿಕ್ಕವು. ಅಕ್ಟೋಬರ್ 20ರಂದು ದರ್ಗಾಯಿ ಗುಡ್ಡವನ್ನು ಹತ್ತಬೇಕಾದ ತುಕಡಿಗಳು ಕಡಿದಾದ ಬಂಡೆಯ ಬುಡದ ಚಿಕ್ಕ ಬಯಲನ್ನು ದಾಟಲಾರದೆ ಗಂಟೆಗಟ್ಟಲೆ ಸಿಕ್ಕಿಬಿದ್ದವು. ಕೊನೆಗೆ ಗಾರ್ಡನ್ ಹೈಲ್ಯಾಂಡರ್ಸ್ ಮತ್ತು ಗೂರ್ಖಾ ಸೈನಿಕರು ಅದನ್ನು ಗೆದ್ದರು. ಸತ್ತವರೂ ಗಾಯಗೊಂಡವರೂ ಸೇರಿ ಸುಮಾರು 200 ಮಂದಿ.

ಗುರಿ ಇಷ್ಟು ಪಳಗಿದ್ದು ಹೇಗೆ? ಮುಖ್ಯ ಕಾರಣ ತೋಟಾಗಳ ಕೊರತೆ. ಗುಡ್ಡಗಾಡಿನಲ್ಲಿ ಒಳ್ಳೆಯ ರೈಫಲಿನ ಬೆಲೆ ಒಂದು ಮನೆತನದ ಆಸ್ತಿಯಷ್ಟಿತ್ತು. ತೋಟಾ ಅಗ್ಗವಾಗಿ ಸಿಗುತ್ತಿರಲಿಲ್ಲ. ಒಂದು ಈಡಿನಲ್ಲೇ ಕೆಲಸ ಮುಗಿಸುವ ಶಿಸ್ತು ಅಲ್ಲಿ ಬಡತನದಿಂದಲೇ ಬಂತು. ಮಾರ್ಟಿನಿ ಒಂದು ಸಲಕ್ಕೆ ಒಂದೇ ತೋಟಾ ನುಂಗುವ ಬಂದೂಕು, ಅದೂ ಈ ಶಿಸ್ತನ್ನು ಗಟ್ಟಿಮಾಡಿತು. ಮನೆತನಗಳ ನಡುವಿನ ಹಗೆಯಿಂದಾಗಿ ಹೊಂಚು ಕಾಯುವುದು, ಮರೆಯಲ್ಲಿ ಅಲುಗಾಡದೆ ಕೂರುವುದು ಹುಡುಗುತನದಿಂದಲೇ ರೂಢಿಯಾಗುತ್ತಿತ್ತು. ಇವೆಲ್ಲಕ್ಕಿಂತ ಹೆಚ್ಚಾಗಿ ಬ್ರಿಟಿಷರನ್ನು ಕಾಡಬೇಕಾಗಿದ್ದ ಕಾರಣ ಬೇರೊಂದಿತ್ತು. ಅಫ್ರೀದಿಗಳಲ್ಲಿ ಅನೇಕರು ಭಾರತೀಯ ಸೇನೆಯಲ್ಲಿ ದುಡಿದು ಊರಿಗೆ ಮರಳಿದವರು. ಗುರಿ ಹಿಡಿಯುವುದು, ದೂರ ಅಂದಾಜು ಮಾಡುವುದು ಅವರಿಗೆ ಸರ್ಕಾರಿ ಮೈದಾನದಲ್ಲೇ ಕಲಿಸಿದ್ದು. ದಳದ ಅಧಿಕಾರಿ ಯಾವಾಗ ಏನು ಮಾಡುತ್ತಾನೆಂಬುದೂ ಅವರಿಗೆ ಗೊತ್ತಿತ್ತು.

ಆದರೆ ಆ ಕಾಲದ ಸೇನಾ ಮುಖ್ಯರಿಗೆ ಹಿಡಿಸಿದ ವಿವರಣೆ ಜನಾಂಗದ್ದು. 1885ರಿಂದ 1893ರವರೆಗೆ ಭಾರತದ ದಂಡನಾಯಕನಾಗಿದ್ದ ಲಾರ್ಡ್ ರಾಬರ್ಟ್ಸ್ ಪ್ರಚಾರ ಮಾಡಿದ ‘ಯೋಧ ಜನಾಂಗ’ಗಳ ಸಿದ್ಧಾಂತ ಪಠಾಣರು, ಸಿಖ್ಖರು, ಗೂರ್ಖರನ್ನು ಮೇಲಿಟ್ಟಿತು, ದಕ್ಷಿಣದವರು ಕಾದಾಟಕ್ಕೆ ಒಗ್ಗದವರೆಂದು ಮದ್ರಾಸ್ ಸೇನೆಯನ್ನು ಕ್ರಮೇಣ ಕುಗ್ಗಿಸಿತು. ಹೈದರ್ ಮತ್ತು ಟಿಪ್ಪುವಿನ ಮೈಸೂರು ಪಡೆಗಳು ಕಂಪನಿಯನ್ನು ನಾಲ್ಕು ಯುದ್ಧಗಳಲ್ಲಿ ಎದುರಿಸಿ ಇನ್ನೂ ನೂರು ವರ್ಷ ಕಳೆದಿರಲಿಲ್ಲ. ನಾಲ್ಕು ತಲೆಮಾರುಗಳಲ್ಲಿ ರಕ್ತ ತೆಳುವಾಗುವುದಿಲ್ಲ. ಆಯುಧ ಕಿತ್ತುಕೊಂಡು, ನೇಮಕಾತಿ ನಿಲ್ಲಿಸಿದರೆ ಕಸುಬು ಮರೆತುಹೋಗುತ್ತದೆ, ಅಷ್ಟೆ. ಒಂದು ಜನರ ಕೌಶಲವನ್ನು ಅಳೆಯುವಲ್ಲಿ ಈ ಸಿದ್ಧಾಂತ ಮಾಡಿದಷ್ಟು ಹಾನಿಯನ್ನು ಬೇರಾವ ತಪ್ಪು ಲೆಕ್ಕವೂ ಮಾಡಿಲ್ಲ.

ಕಣದಲ್ಲಿದ್ದ ಅಧಿಕಾರಿಗಳು ಕಂಡದ್ದು ಹೆಚ್ಚು ಉಪಯುಕ್ತವಾಗಿತ್ತು. ಪಠಾಣರ ನಿಜವಾದ ಬಲ ಗುಂಡು ಹೊಡೆಯುವುದಕ್ಕಿಂತ ನೋಡುವುದರಲ್ಲಿತ್ತು. ದಂಡು ಮುಂದೆ ಹೋಗುವಾಗ ಅವರು ಕಾಣಿಸಿಕೊಳ್ಳುತ್ತಿದ್ದುದೇ ವಿರಳ. ಬಿಸಿಲಿಳಿದು ಪಡೆ ಬಿಡಾರಕ್ಕೆ ತಿರುಗಿದಾಗ ಹಿಂಬದಿಯ ಕಾವಲು ತುಕಡಿಯ ಮೇಲೆ ಎರಗುತ್ತಿದ್ದರು. 1897ರ ನವೆಂಬರ್ 9ರಂದು ಸಾರನ್ ಸರ್ ಕಣಿವೆಯಿಂದ ಇಳಿಯುತ್ತಿದ್ದ ನಾರ್ತಾಂಪ್ಟನ್‌ಶೈರ್ ರೆಜಿಮೆಂಟಿನ ಒಂದು ಗುಂಪು ಗಾಯಾಳುಗಳನ್ನು ಹೊತ್ತು ಹಿಂದುಳಿದು, ಕೊರಕಲೊಂದರಲ್ಲಿ ಸಿಕ್ಕಿ ಪೂರ್ತಿ ನಾಶವಾಯಿತು. ಒಬ್ಬ ಗಾಯಗೊಂಡರೆ ಅವನನ್ನು ಹೊರಲು ನಾಲ್ವರು ಬೇಕು, ಕಾಯಲು ಇನ್ನಷ್ಟು ಮಂದಿ ಬೇಕು. ಈ ಲೆಕ್ಕ ಅಫ್ರೀದಿಗಳಿಗೆ ಚೆನ್ನಾಗಿ ತಿಳಿದಿತ್ತು. ಚಾರ್ಲ್ಸ್ ಕಾಲ್ವೆಲ್ 1896ರಲ್ಲಿ ಪ್ರಕಟಿಸಿದ ‘ಸ್ಮಾಲ್ ವಾರ್ಸ್’ ಎಂಬ ಸೇನಾ ಕೈಪಿಡಿಯ ನಂತರದ ಆವೃತ್ತಿಗಳಲ್ಲಿ ಬೆಟ್ಟದ ಕಾಳಗದ ಭಾಗಕ್ಕೆ ತೀರಾದ ಅನುಭವವೇ ಆಧಾರ.

ಪಠಾಣರಲ್ಲಿ ಕೊರತೆಗಳೂ ಇದ್ದವು. ಬುಡಕಟ್ಟಿನ ದಂಡಾದ ಲಷ್ಕರದಲ್ಲಿ ಸೇರುವವನು ತನ್ನ ರೊಟ್ಟಿ ತಾನೇ ಕಟ್ಟಿಕೊಂಡು ಬರುತ್ತಿದ್ದ. ಅದು ಮುಗಿದರೆ ಮನೆಗೆ ಹೋಗುತ್ತಿದ್ದ. ಕುಲಕುಲಗಳ ಹಗೆ ಒಂದೇ ಅಪ್ಪಣೆಯಡಿ ನಿಲ್ಲಲು ಬಿಡುತ್ತಿರಲಿಲ್ಲ. ಫಿರಂಗಿಗಳಿರಲಿಲ್ಲ. ಸುತ್ತ ಕಲ್ಲುಗೋಡೆ ಕಟ್ಟಿ ಎಚ್ಚರವಾಗಿದ್ದ ಬಿಡಾರವನ್ನು ಅವರು ಗೆದ್ದದ್ದು ಅಪರೂಪ.

ಮುಂದಿನ ಎರಡು ದಶಕಗಳಲ್ಲಿ ಆಯುಧದ ಅಂತರವೂ ಕಿರಿದಾಯಿತು. ಮಸ್ಕತ್ತಿನಿಂದ ಪರ್ಷಿಯಾ ಕೊಲ್ಲಿಯ ಮೂಲಕ ರೈಫಲುಗಳ ಕಳ್ಳಸಾಗಣೆ ನಡೆದು, ಬ್ರಿಟಿಷ್ ನೌಕಾಪಡೆ ಅದನ್ನು ತಡೆಯಲು ಕಾವಲು ಹಾಕಬೇಕಾಯಿತು. ಕೊಹಾಟ್ ಕಣಿವೆಯ ಆದಂಖೇಲ್ ಅಫ್ರೀದಿಗಳು ಊರಲ್ಲೇ ಬಂದೂಕು ತಯಾರಿಸತೊಡಗಿದರು. 1919–20ರ ವಜೀರಿಸ್ತಾನ ಯುದ್ಧದಲ್ಲಿ ಮೆಹಸೂದ್ ಬುಡಕಟ್ಟಿನವರು ಬಂಡೆಗಳ ಮರೆಯಿಂದ ಗುಂಡಿನ ಆಸರೆ ಕೊಡುವ ಗುಂಪು, ಅದರಡಿಯಲ್ಲಿ ಕತ್ತಿ ಹಿಡಿದು ನುಗ್ಗುವ ಗುಂಪು ಎಂದು ಕೆಲಸ ಹಂಚಿಕೊಂಡು ಹೋರಾಡಿದರು. ಮಹಾಯುದ್ಧದಲ್ಲಿ ನುರಿತವರನ್ನು ಕಳೆದುಕೊಂಡು ಹೊಸಬರಿಂದ ತುಂಬಿದ್ದ ಭಾರತೀಯ ದಳಗಳು 1920ರ ಜನವರಿಯಲ್ಲಿ ಅಹ್ನಾಯ್ ತಂಗಿಯ ಇಕ್ಕಟ್ಟಿನಲ್ಲಿ ಇದಕ್ಕೆ ಬಹಳ ಬೆಲೆ ತೆತ್ತವು. ಆ ದಂಡನ್ನು ನಡೆಸಿದ ಆಂಡ್ರ್ಯೂ ಸ್ಕೀನ್ 1932ರಲ್ಲಿ ಹೊಸ ಅಧಿಕಾರಿಗಳಿಗಾಗಿ ಬರೆದ ‘ಪಾಸಿಂಗ್ ಇಟ್ ಆನ್’ ಪುಸ್ತಕದಲ್ಲಿ ಎದುರಾಳಿಯ ಬಗ್ಗೆ ತಿರಸ್ಕಾರವಿಲ್ಲ. ಅವನು ಪ್ರತಿದಿನ ನಿಮ್ಮನ್ನು ನೋಡುತ್ತಿದ್ದಾನೆ ಎಂಬ ಎಚ್ಚರವಿದೆ.

1979ರ ಡಿಸೆಂಬರಿನಲ್ಲಿ ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿದಾಗ ಹಳ್ಳಿಗಳಲ್ಲಿ ಇನ್ನೂ ಲೀ-ಎನ್‌ಫೀಲ್ಡ್ ರೈಫಲುಗಳಿದ್ದವು. ದೂರದ ಗುರಿಗೆ ಅವು ಸೋವಿಯತ್ತರ ಹೊಸ ಬಂದೂಕುಗಳಿಗಿಂತ ಮೇಲು. ಹತ್ತು ವರ್ಷಗಳ ಯುದ್ಧದಲ್ಲಿ ಕಲಾಶ್ನಿಕೋವ್ ಎಲ್ಲೆಡೆ ಹರಡಿತು, ತೋಟಾಗಳು ಪೆಟ್ಟಿಗೆಗಟ್ಟಲೆ ಬಂದವು. ಹಳೆಯ ಮಿತವ್ಯಯ ಬೇಡವಾಯಿತು. ಅದರ ಜೊತೆಗೆ ಗುರಿಯೂ ಸಡಿಲವಾಯಿತು. ಅದಕ್ಕೆ ಬದಲಾಗಿ ರಾಕೆಟ್ ಹೊಡೆಯುವುದು, ಲಾರಿ ಸಾಲಿಗೆ ಹೊಂಚು ಹಾಕುವುದು, ನೆಲಬಾಂಬು ಹೂಳುವುದು ಮುಂತಾದ ಕೆಲಸಗಳಲ್ಲಿ ಹೊಸ ಪರಿಣತಿ ಬೆಳೆಯಿತು. ಅಲಿ ಅಹ್ಮದ್ ಜಲಾಲಿ ಮತ್ತು ಲೆಸ್ಟರ್ ಗ್ರಾವ್ 1990ರ ದಶಕದಲ್ಲಿ ಮುಜಾಹಿದ್ದೀನ್ ನಾಯಕರನ್ನೇ ಮಾತಾಡಿಸಿ ‘ದಿ ಅದರ್ ಸೈಡ್ ಆಫ್ ದಿ ಮೌಂಟನ್’ ಸಿದ್ಧಪಡಿಸಿದರು. ಹೋರಾಡಿದವನ ಬಾಯಿಂದಲೇ ಅವನ ಯೋಜನೆ, ತಪ್ಪು, ಹಿನ್ನಡೆಗಳನ್ನು ಕೇಳಿ ಬರೆದದ್ದರಿಂದ ಹಿಂದಿನ ಎಲ್ಲ ಅಂದಾಜುಗಳಿಗಿಂತ ಅದು ಹೆಚ್ಚು ನಂಬಲರ್ಹ.

2010ರಲ್ಲಿ ಹೆಲ್ಮಂದ್ ಪ್ರಾಂತದ ಮಾರ್ಜಾದಲ್ಲಿ ಅಮೆರಿಕದ ಮರೀನ್ ಪಡೆಯೊಂದಿಗಿದ್ದ ಪತ್ರಕರ್ತ ಸಿ.ಜೆ. ಚೀವರ್ಸ್, ತಾಲಿಬಾನಿಗಳ ಗುಂಡುಗಳಲ್ಲಿ ಬಹುಪಾಲು ಗುರಿ ತಪ್ಪುತ್ತಿದ್ದುದನ್ನು ಬರೆದ. ತಾನೇ ಮರೀನ್ ಅಧಿಕಾರಿಯಾಗಿದ್ದ ಅವನು ಕೊಟ್ಟ ಕಾರಣಗಳು ಮಣ್ಣಿಗೆ ಹತ್ತಿರವಾದವು: ಸವೆದ ಬಂದೂಕು, ಬೆರಕೆಯ ಹಳೆಯ ತೋಟಾ, ಒಂದೇ ಉಸಿರಿಗೆ ಸುರಿಮಳೆ ಹಾರಿಸುವ ಚಟ, ಅಭ್ಯಾಸದ ಕೊರತೆ. ಕನ್ನಡಕ ಕಾಣದ ಹಳ್ಳಿಗರ ದೃಷ್ಟಿದೋಷವನ್ನೂ ಅವನು ಲೆಕ್ಕಕ್ಕೆ ತಂದ. ಆ ವರ್ಷಗಳಲ್ಲಿ ವಿದೇಶಿ ಸೈನಿಕರಿಗೆ ಅತಿ ಹೆಚ್ಚು ಸಾವುನೋವು ತಂದದ್ದು ರಸ್ತೆಯಲ್ಲಿ ಹೂತ ಬಾಂಬುಗಳು.

ಅದೇ ವರ್ಷ ಅಮೆರಿಕದ ಸೇನೆ ವನಾತ್ ಕದನದ ಅಧ್ಯಯನ ಪ್ರಕಟಿಸಿತು. 2008ರ ಜುಲೈ 13ರ ನಸುಕಿನಲ್ಲಿ ವೈಗಲ್ ಕಣಿವೆಯ ವನಾತಿನಲ್ಲಿ ಇನ್ನೂ ಕಟ್ಟಿ ಮುಗಿಯದ ಠಾಣೆಯ ಮೇಲೆ ದಂಗೆಕೋರರು ಎರಗಿದ್ದರು. ಅಲ್ಲಿ 49 ಅಮೆರಿಕನ್ನರು, 24 ಅಫ್ಘನ್ ಸೈನಿಕರಿದ್ದರು. ದಾಳಿಕೋರರು ಮೊದಲು ರಾಕೆಟ್ ಹಾರಿಸಿದ್ದು ಠಾಣೆಯ ಕ್ಷಿಪಣಿ ವಾಹನ ಮತ್ತು ಮಾರ್ಟರ್ ಗುಂಡಿಗೆ, ಅಂದರೆ ತಮಗೆ ಅತಿ ಹೆಚ್ಚು ಹಾನಿ ಮಾಡಬಲ್ಲ ಆಯುಧಗಳಿಗೆ. ಒಂಬತ್ತು ಅಮೆರಿಕನ್ ಸೈನಿಕರು ಸತ್ತರು. ಮಾರ್ಜಾದ ಬಯಲಿನಲ್ಲಿ ಗುಂಡು ಹಾರಿಸುತ್ತಿದ್ದವರು ಮತ್ತು ವೈಗಲಿನಲ್ಲಿ ಹಲವು ದಿನ ಠಾಣೆಯನ್ನು ಗಮನಿಸಿ ಬಂದವರು ತಾಲಿಬಾನ್ ಎಂಬ ಒಂದೇ ಹೆಸರಿನಡಿ ಎಣಿಸಲ್ಪಟ್ಟರೂ ಅವರ ನೆಲ, ಸಿದ್ಧತೆ, ಮುಂದಾಳುಗಳು ಬೇರೆ. ಒಂದು ವರದಿ ರೈಫಲಿನ ಗುರಿಯನ್ನು ಅಳೆದಿತ್ತು, ಇನ್ನೊಂದು ದಾಳಿಯ ಯೋಜನೆಯನ್ನು.